ಇಪ್ಪತ್ತೇಳನೇ ನಂಬರಿನ ರಿವಾಲ್ವರ್

ಕೋವಿ ರಿಪೇರಿ ಅಂಗಡಿಯಲ್ಲಿ ನಗುವುದಕ್ಕೆ ಏನಿರುತ್ತದೆ ಎಂದು ಬಹಳ ಜನ ಕೇಳಿದ್ದಾರೆ. ಅವರು ನನ್ನ ಅಂಗಡಿಯಲ್ಲಿ ಒಂದು ದಿನ ಕೂತು ನೋಡಿದವರಲ್ಲ. ಗುಂಡು ಹಾರಿಸುವ ಕೋವಿ ನನ್ನಲ್ಲಿಗೆ ಬರುವುದು ಅಪರೂಪ. ಬರುವುದೆಲ್ಲ ತಾತನ ಕಾಲದವು, ಜೊತೆಗೆ ಒಂದೊಂದರ ಬೆನ್ನಿಗೂ ಒಂದೊಂದು ಪುರಾಣ. "ಇದು ಎಷ್ಟು ಹಳೇದು, ಎಷ್ಟು ಬೆಲೆ ಬಾಳ್ತದೆ, ಹೇಳಿ ಸ್ವಾಮಿ" ಅನ್ನುತ್ತಾರೆ. ತುಮಕೂರಿನ ಈ ಅಂಗಡಿ ನಮ್ಮ ತಂದೆ ಇಟ್ಟದ್ದು. ಬೆಳಿಗ್ಗೆ ಮರಳೂರಿನ ಮನೆಯಲ್ಲಿ ಲಿಂಗಪೂಜೆ ಮುಗಿಸಿ, ಹಣೆಗೆ ವಿಭೂತಿ ಬಳಿದುಕೊಂಡು ಬಂದು ಶಟರ್ ಎತ್ತುತ್ತೇನೆ. ತಿಳಿದು ತಿಳಿದು ಒಂದು ಇರುವೆಯನ್ನೂ ಕೊಂದವನಲ್ಲ. ಅಂಥವನಿಗೆ ಶಿವ ಈ ಕಾಯಕ ಕೊಟ್ಟ. ಯಾಕೆ ಎಂದು ಕೇಳುವುದನ್ನು ಬಿಟ್ಟು ಬಹಳ ವರ್ಷವಾಯಿತು. ಅವನಿಗೂ ಆಗಾಗ ನಗಬೇಕು ಅನಿಸುತ್ತದೇನೋ.

ಚಪ್ಪಲಿ ಹೊರಗೆ

ಒಂದು ಸೋಮವಾರ ಅಂಗಡಿಯಲ್ಲಿ ಊದುಬತ್ತಿ ಹಚ್ಚಿ, ಗಂಟೆ ಅಲ್ಲಾಡಿಸಿ, ಕಣ್ಣು ಮುಚ್ಚಿ ಕೂತಿದ್ದೆ. ಕಣ್ಣು ಬಿಟ್ಟಾಗ ಎದುರಿಗೆ ಹೆಬ್ಬೂರಿನ ರೈತರೊಬ್ಬರು ಕೈಮುಗಿದು ನಿಂತಿದ್ದರು. ಚಪ್ಪಲಿ ಹೊರಗೆ ಬಿಟ್ಟಿದ್ದರು. ಕೈಯಲ್ಲಿ ಹಣ್ಣು, ಕಾಯಿ.

"ಅರ್ಚನೆ ಮಾಡಿಸ್ಬೇಕಿತ್ತು ಸ್ವಾಮಿ" ಅಂದರು.

"ಇದು ದೇವಸ್ಥಾನ ಅಲ್ಲಪ್ಪ, ಕೋವಿ ರಿಪೇರಿ ಅಂಗಡಿ. ದೇವಸ್ಥಾನ ಪಕ್ಕದ ಬೀದೀಲಿದೆ" ಅಂದೆ.

ಅವರು ತಲೆಯೆತ್ತಿ ಗೋಡೆಯ ಮೇಲಿನ ಕೋವಿಗಳನ್ನು ಒಂದೊಂದಾಗಿ ನೋಡಿದರು. ಮುಖದಲ್ಲಿ ಒಂದಿಷ್ಟೂ ನಾಚಿಕೆಯಿಲ್ಲ.

"ಹೊಲಕ್ಕೆ ಹಂದಿ ಕಾಟ ತಪ್ಲಿ ಅಂತ ಹರಕೆ ಹೊತ್ತಿದ್ದೆ" ಅಂದರು. "ದೇವ್ರು ಸರಿಯಾದ ಜಾಗಕ್ಕೇ ಕಳಿಸವ್ನೆ ಬುಡಿ."

ಪಕ್ಕದಲ್ಲೊಂದು ಕಾಯಿ

ಹಸುವಿನ ವಯಸ್ಸು ಹಲ್ಲು ನೋಡಿ ಹೇಳುತ್ತಾರೆ. ಕೋವಿಯ ವಯಸ್ಸು ಅದರ ಮೈಮೇಲಿನ ನಂಬರು, ತಯಾರಕರ ಗುರುತು, ಪರೀಕ್ಷೆ ಮಾಡಿದ ಮುದ್ರೆ ನೋಡಿ ಹೇಳಬೇಕು. ಇದೆಲ್ಲ ಈಗ ಫೋನಿನಲ್ಲೇ ಆಗಬೇಕು ಅನ್ನುತ್ತಾರೆ ಜನ. ಒಬ್ಬರು ರಿವಾಲ್ವರಿನ ಫೋಟೊ ಕಳಿಸಿದರು. ಅಳತೆ ಗೊತ್ತಾಗಲಿಲ್ಲ. "ಪಕ್ಕದಲ್ಲಿ ಏನಾದ್ರೂ ಇಟ್ಟು ಇನ್ನೊಂದು ಫೋಟೊ ತೆಗೀರಿ" ಅಂದೆ. ಅವರು ತೆಂಗಿನಕಾಯಿ ಇಟ್ಟು ತೆಗೆದರು.

ನೋಡಿ ಫೋನ್ ಮಾಡಿದೆ. "ಬೇಜಾರು ಮಾಡ್ಕೋಬೇಡಿ. ರಿವಾಲ್ವರ್ ಅಷ್ಟೇನೂ ಹಳೇದಲ್ಲ, ದೊಡ್ಡ ಬೆಲೆ ಬರಲ್ಲ" ಅಂದೆ.

"ಅದಿರ್ಲಿ ಸ್ವಾಮಿ" ಅಂದರು. "ಕಾಯಿ ಹೆಂಗೈತೆ ಹೇಳಿ, ನಮ್ ತೋಟದ್ದು."

ದೊರೆಯ ಕಷ್ಟಗಳು

ಇನ್ನು ಮುಂದಿನದೆಲ್ಲ ಒಂದೇ ರಿವಾಲ್ವರಿನ ಕಥೆ. ಒಂದೇ ಸಲಕ್ಕೆ ನಕ್ಕು ಮುಗಿಯುವಂಥದ್ದಲ್ಲ.

ಇಬ್ಬರು ಅಣ್ಣತಮ್ಮಂದಿರು. ಅಣ್ಣ ಗುಬ್ಬಿ ಕಡೆಯ ಹಳ್ಳಿಯಲ್ಲಿ ತೆಂಗಿನ ತೋಟ ನೋಡಿಕೊಂಡಿರುವವರು. ತಮ್ಮ ಕುಣಿಗಲ್‌ನಲ್ಲಿ ಸರ್ಕಾರಿ ನೌಕರರು. ತಂದೆ ತೀರಿಕೊಂಡ ಮೇಲೆ ತೋಟ, ಹೊಲ, ಹಸು, ಹಂಡೆ ಎಲ್ಲವನ್ನೂ ಒಂದು ಏರುದನಿಯಿಲ್ಲದೆ ಭಾಗ ಮಾಡಿಕೊಂಡಿದ್ದರು. ಉಳಿದದ್ದು ತಾತನ ರಿವಾಲ್ವರ್. ಅದನ್ನು ಗರಗಸ ಹಾಕಿ ಎರಡು ಮಾಡುವಂತಿಲ್ಲ. ಲೈಸೆನ್ಸ್ ಇದ್ದದ್ದು ತೀರಿಹೋದ ತಂದೆಯ ಹೆಸರಿನಲ್ಲಿ. ಹಾಗಾಗಿ ಇತ್ಯರ್ಥವಾಗುವವರೆಗೆ ನನ್ನ ಅಂಗಡಿಯಲ್ಲಿ ಠೇವಣಿ ಇಟ್ಟಿದ್ದರು.

ತಂದುಕೊಟ್ಟದ್ದು ಅವರ ಅವ್ವ. ಎಂಬತ್ತು ದಾಟಿದ ಜೀವ. ಅರಿಶಿನದ ಬಟ್ಟೆಯಲ್ಲಿ ಸುತ್ತಿ, ಮೂರು ಗಂಟು ಹಾಕಿ, ಮೇಲೊಂದು ಸೇವಂತಿಗೆ ಸಿಕ್ಕಿಸಿ ತಂದಿದ್ದರು. "ನನ್ ಮಕ್ಳು ಇಬ್ರೂ ಒಟ್ಟಿಗೆ ಬಂದಾಗ ಬಿಚ್ಚಪ್ಪ" ಅಂದರು. ಠೇವಣಿ ತೆಗೆದುಕೊಳ್ಳುವಾಗ ಬಿಚ್ಚಿ ನೋಡಬೇಕಾದದ್ದು ನನ್ನ ಕೆಲಸ. ಆದರೆ ಅರಿಶಿನ, ಕುಂಕುಮ, ಹೂವು ಕಂಡ ಕೂಡಲೇ ನನ್ನ ಕೈಗಳು ತಾವಾಗಿ ಜೋಡಿಸಿಕೊಂಡವು. ನಮಸ್ಕಾರ ಮಾಡಿ ಬೀರುವಿನಲ್ಲಿಟ್ಟೆ. ಲೈಸೆನ್ಸ್ ಪುಸ್ತಕ ನೋಡಿಕೊಂಡು ರಸೀದಿ ಬರೆದೆ. ನನ್ನ ತಪ್ಪು ಇದು, ಒಪ್ಪಿಕೊಂಡಿದ್ದೇನೆ.

ಒಂದು ವರ್ಷದ ಮೇಲೆ ಅಣ್ಣತಮ್ಮ ಮೊದಲ ಸಲ ಒಟ್ಟಿಗೆ ಬಂದರು. ಒಟ್ಟಿಗೆ ಅಂದರೆ ಒಬ್ಬರು ಬೆಂಚಿನ ಈ ತುದಿ, ಇನ್ನೊಬ್ಬರು ಆ ತುದಿ. ತಮ್ಮನ ಮಗಳಿಗೆ ಹೆಬ್ಬೂರಿನ ಕಡೆ ಸಂಬಂಧ ಕೂಡಿತ್ತು. ನಿಶ್ಚಿತಾರ್ಥಕ್ಕೆ ಹತ್ತೇ ದಿನ. ಗಂಡಿನವರ ಜೊತೆ ತಟ್ಟೆ ಬದಲಾಯಿಸಬೇಕಾದ ದೊಡ್ಡಪ್ಪನೇ ಬರುವುದಿಲ್ಲ ಎಂದು ಪಟ್ಟು ಹಿಡಿದಿದ್ದರು.

"ಮೊದ್ಲು ರಿವಾಲ್ವರ್, ಆಮೇಲೆ ತಟ್ಟೆ" ಅಂದರು ಅಣ್ಣ. "ನೀವು ವಯಸ್ಸು, ಬೆಲೆ ಹೇಳಿ ಸ್ವಾಮಿ. ಯಾರ್ ಇಟ್ಕೋತಾರೋ ಅವ್ರು ಇನ್ನೊಬ್ಬರಿಗೆ ಅರ್ಧ ಕೊಡ್ಲಿ. ಸಾಮಾನ್ಯದ್ದಲ್ಲ ಅದು. ನಮ್ ತಾತ ಕಾಡಲ್ಲಿ ಒಬ್ಬ ಇಂಗ್ಲಿಷ್ ದೊರೇನ ಚಿರತೆ ಬಾಯಿಂದ ಬಿಡ್ಸಿದ್ದಕ್ಕೆ ಇನಾಮು ಕೊಟ್ಟಿದ್ದು."

"ಚಿರತೆ ಅಲ್ಲ" ಅಂದರು ತಮ್ಮ, ಬೀದಿಯ ಕಡೆ ನೋಡಿಕೊಂಡು. "ಕುಣಿಗಲ್ ಕೆರೇಲಿ ದೊರೆ ಮುಳುಗ್ತಿದ್ದ. ತಾತ ಈಜಿ ಎಳ್ಕೊಂಡ್ ಬಂದ್ರು."

"ನಂಗೆ ತಾತನೇ ಹೇಳಿದ್ದು ಕಣ್ಲಾ, ಚಿರತೆ ಅಂತ."

"ನಂಗೂ ತಾತನೇ ಹೇಳಿದ್ದು, ಕೆರೆ ಅಂತ."

ನಾನು ಸಮಾಧಾನಕ್ಕೆ ಬಾಯಿ ಹಾಕಿದೆ. "ಎರಡೂ ನಿಜ ಇರಬಹುದು. ಹಾಗಿದ್ರೆ ಆ ದೊರೆ ಸ್ವಲ್ಪ ಎಚ್ಚರ ಕಮ್ಮಿ ಮನುಷ್ಯ ಅಂತ ಕಾಣುತ್ತೆ."

ಅಣ್ಣ ಗಂಭೀರವಾಗಿ ತಲೆಯಾಡಿಸಿದರು. "ಅದಕ್ಕೇ ಅಲ್ವಾ ಸ್ವಾಮಿ ಅವ್ರು ದೇಶ ಬಿಟ್ಟು ಹೋಗಿದ್ದು."

ಮೂಲೆ ಸೈಟು

ಅವತ್ತು ಬಟ್ಟೆ ಬಿಚ್ಚಲಿಲ್ಲ. ಅಮಾವಾಸ್ಯೆ ಬೇಡ ಅಂದರು ಅಣ್ಣ. ನಾನೂ ಬೇಡ ಅಂದೆ. ಲೈಸೆನ್ಸ್ ಪುಸ್ತಕ ಮಾತ್ರ ತೆರೆದೆವು. ಅದರಲ್ಲಿ ರಿವಾಲ್ವರಿನ ನಂಬರು ಇಪ್ಪತ್ತೇಳು ಎಂದು ಬರೆದಿತ್ತು. ತಯಾರಕರ ಹೆಸರಿನ ಜಾಗ ಖಾಲಿ.

ಇಲ್ಲಿ ನನ್ನ ಎರಡನೇ ತಪ್ಪು. ವಿದ್ಯೆ ತೋರಿಸುವ ಚಪಲ ಪೂಜೆ ಮಾಡುವವರನ್ನೂ ಬಿಡುವುದಿಲ್ಲ. "ಕಾರ್ಖಾನೆ ರಿವಾಲ್ವರಿಗೆ ನಾಲ್ಕೈದು ಅಂಕಿ ನಂಬರಿರುತ್ತೆ" ಅಂದೆ. "ಇದು ಬರೀ ಇಪ್ಪತ್ತೇಳು. ಅಂದ್ರೆ ಕಾರ್ಖಾನೆ ಶುರುವಾದ ವಾರದಲ್ಲೇ ಮಾಡಿರ್ಬೇಕು. ಅಂಥಾದ್ದನ್ನ ಹುಡುಕಿಕೊಂಡು ಬರೋರಿದ್ದಾರೆ."

ತಮ್ಮ ಫೋನು ತೆಗೆದರು. ಯಾವುದೋ ದೇಶದ ಹರಾಜಿನಲ್ಲಿ ಹಳೆಯ ರಿವಾಲ್ವರೊಂದಕ್ಕೆ ಬಂದ ಬೆಲೆ ಸಿಕ್ಕಿತು. ಡಾಲರನ್ನು ರೂಪಾಯಿ ಮಾಡಿದರು. ನಿಧಾನಕ್ಕೆ ಬೆಂಚಿನ ಆ ತುದಿಯಿಂದ ಈ ತುದಿಗೆ ಸರಿದು ಅಣ್ಣನಿಗೆ ಫೋನು ತೋರಿಸಿದರು. ಒಂದು ವರ್ಷದಲ್ಲಿ ಅವರಿಬ್ಬರ ಭುಜ ತಾಗಿದ್ದು ಅದೇ ಮೊದಲು. ನನಗೆ ಕಣ್ಣು ತುಂಬಿ ಬಂತು. ಶಿವನೇ, ಹೇಗಾದರೂ ಒಂದಾಗಲಿ ಅಂದುಕೊಂಡೆ.

"ಶೆಟ್ಟಿಹಳ್ಳೀಲಿ ಎರಡು ಸೈಟು ತಗೋಬಹುದು ಅಣ್ಣ" ಅಂದರು ತಮ್ಮ.

"ಸರಿ ಬುಡು. ನಂಗೊಂದು, ನಿಂಗೊಂದು."

"ಆಗ್ಲಿ."

"ಅಕ್ಕಪಕ್ಕದಲ್ಲೇ ಇರ್ಲಿ."

"ಆಗ್ಲಿ ಅಣ್ಣ. ಮೂಲೆ ಸೈಟು ನಂಗಿರ್ಲಿ."

"ಮೂಲೆ ನಿಂಗ್ಯಾಕ್ಲಾ? ದೊಡ್ಡೋನು ನಾನು."

ಅರ್ಧ ಗಂಟೆ ಜಗಳವಾಯಿತು. ಇನ್ನೂ ಕೊಳ್ಳದ ಸೈಟಿನ ಬೇಲಿ ಯಾರದು, ಬೋರ್ ಯಾರು ಹಾಕಿಸಬೇಕು ಎಂಬಲ್ಲಿಗೆ ಹೋಯಿತು. ಕೊನೆಗೆ ಅಣ್ಣ ಟವೆಲ್ ಕೊಡವಿ ಎದ್ದರು. "ನಿಶ್ಚಿತಾರ್ಥಕ್ಕೆ ಕರೀಬೇಡ ನನ್ನ. ಬೋರಿನ ನೀರು ಬಿಡದೆ ಇರೋನ ಮನೇಲಿ ನಾನು ಊಟ ಮಾಡಲ್ಲ."

ದೊರೆಗೆ ಕನ್ನಡ

ನಾಲ್ಕು ದಿನ ಬಿಟ್ಟು ಅವ್ವ ಇಬ್ಬರನ್ನೂ ಹೊರಡಿಸಿಕೊಂಡು ತಾವೇ ಬಂದರು. ಸ್ಟೂಲ್ ಮೇಲೆ ಕೂತು ಎಲೆ ಅಡಿಕೆ ಬಿಚ್ಚಿಕೊಂಡರು. "ಬಿಚ್ಚಪ್ಪ ಈಗ" ಅಂದರು.

ಬಿಚ್ಚಿದೆ. ರಿವಾಲ್ವರ್ ಕಾಣಲಿಲ್ಲ. ಕಂಡದ್ದು ರಿವಾಲ್ವರಿನ ಆಕಾರದ ಕುಂಕುಮ. ಎಷ್ಟೋ ವರ್ಷದ ಆಯುಧಪೂಜೆಯ ಗಂಧ, ವಿಭೂತಿ, ಅರಿಶಿನ ಪದರ ಪದರವಾಗಿ ಗಟ್ಟಿಕಟ್ಟಿತ್ತು. ನಳಿಗೆಯ ಬಾಯಿಗೆ ಅರ್ಧ ಉರಿದ ಊದುಬತ್ತಿ ಸಿಕ್ಕಿಸಿದ ಹಾಗೇ ಇತ್ತು.

"ಪೂಜೆ ದಿನ ಅಲ್ಲೇ ಸಿಗಿಸೋದು" ಅಂದರು ಅಣ್ಣ. "ಅಳತೆ ಮಾಡಿಸ್ದಂಗೆ ಕೂರ್ತದೆ."

ಸೀಮೆಎಣ್ಣೆ ಹಾಕಲು ಮನಸ್ಸು ಬರಲಿಲ್ಲ. ದೇವರಿಗೆ ಕ್ಷಮೆ ಕೇಳಿ, ಕೊಬ್ಬರಿ ಎಣ್ಣೆಯಲ್ಲಿ ಬಟ್ಟೆ ಅದ್ದಿ ಒರೆಸುತ್ತ ಬಂದೆ. ನಳಿಗೆಯಿಂದ ಊದುಬತ್ತಿ ಕಡ್ಡಿಗಳು, ಬೂದಿ, ಅಕ್ಷತೆ ಕಾಳು, ಒಣಗಿದ ತುಳಸಿ ಎಲ್ಲ ಬಂತು. ಉದುರಿದ ಕುಂಕುಮವನ್ನು ಅಣ್ಣ ಪ್ರಸಾದವೆಂದು ಕಾಗದದಲ್ಲಿ ಕಟ್ಟಿಕೊಂಡರು. ಅರ್ಧ ನನಗೆ ಅಂದರು ತಮ್ಮ. ಅದನ್ನೂ ಭಾಗ ಮಾಡಿದೆವು.

ಕಬ್ಬಿಣ ಕಾಣಿಸಿತು. ಕನ್ನಡಕ ಏರಿಸಿ, ದೀಪ ಹತ್ತಿರ ಎಳೆದುಕೊಂಡು ಹುಡುಕಿದೆ. ತಯಾರಕರ ಗುರುತಿಲ್ಲ. ಪರೀಕ್ಷೆಯ ಮುದ್ರೆಯಿಲ್ಲ. ಹಿಡಿಯ ಕೆಳಗೆ ನಂಬರು ಇತ್ತು, ಉಳಿಯಲ್ಲಿ ಕೊರೆದದ್ದು. ಇಪ್ಪತ್ತೇಳೇ. ಆದರೆ ಎರಡು, ಏಳು, ಎರಡೂ ಕನ್ನಡದ ಅಂಕಿ.

ಇಬ್ಬರ ತಲೆಯೂ ನನ್ನ ಕೈಮೇಲೆ ಬಾಗಿತ್ತು. ಕೊನೆಗೆ ಅಣ್ಣ ಮೆಲ್ಲಗೆ ಅಂದರು:

"ದೊರೆಗೆ ಕನ್ನಡ ಬರ್ತಿತ್ತು ಅಂತ ಕಾಣ್ತದೆ."

ಬೆರಳುಗುರಿನಷ್ಟು

ಗುಂಡು ತುಂಬುವ ಉರುಳೆಯಲ್ಲಿ ಆರು ತೂತಿದ್ದವು. ಒಂದು ಊದುಬತ್ತಿ ಕಡ್ಡಿ ತೆಗೆದುಕೊಂಡು ಮೊದಲನೆಯದಕ್ಕೆ ಹಾಕಿದೆ. ಬೆರಳುಗುರಿನಷ್ಟು ಹೋಗಿ ನಿಂತಿತು. ಎರಡನೆಯದಕ್ಕೂ ಅಷ್ಟೇ. ಆರಕ್ಕೂ ಅಷ್ಟೇ. ಅವು ತೂತುಗಳೇ ಅಲ್ಲ, ತೂತಿನ ಹಾಗೆ ಕಾಣಲಿ ಎಂದು ಮಾಡಿದ ಗುಳಿಗಳು. ಇದರಲ್ಲಿ ಗುಂಡು ಹಾರುವುದಿರಲಿ, ಕಡಲೆಕಾಳೂ ಕೂರುವುದಿಲ್ಲ.

ಸುಳ್ಳು ಹೇಳಿ ಅಭ್ಯಾಸವಿಲ್ಲ. ನಿಜ ಹೇಳಿದರೆ ಮನೆತನದ ಮಾನ ಹೋಗುತ್ತದೆ, ಹೇಳದಿದ್ದರೆ ನಿಶ್ಚಿತಾರ್ಥ. ಒಳಗೇ ಶಿವನ ಹೆಸರು ಹೇಳಿಕೊಂಡು ಬಾಯಿ ತೆರೆದೆ. "ಇದು ಕೋವಿ ಅಲ್ಲಪ್ಪ. ಯಾರೋ ಒಳ್ಳೇ ಕಮ್ಮಾರರು ನೋಡೋಕೆ ಮಾತ್ರ ಮಾಡಿದ್ದು. ವಯಸ್ಸು ನಿಮ್ಮ ತಾತಂದೇ. ಬೆಲೆ ಕಬ್ಬಿಣದ ತೂಕದ್ದು."

ಅವ್ವ ಎಲೆಗೆ ಸುಣ್ಣ ಹಚ್ಚುತ್ತಿದ್ದರು.

"ನಾಟಕದ್ದು ಕಣಪ್ಪ" ಅಂದರು. "ನಮ್ ಮಾವ, ಈ ಹುಡುಗ್ರ ತಾತ, ವಯಸ್ಸಲ್ಲಿ ಒಂದು ನಾಟಕದ ಕಂಪನಿ ಸೇರಿದ್ರಂತೆ. ಊರೂರು ತಿರುಗೋದು. ಅಲ್ಲಿ ದೊರೆ ಪಾತ್ರ ಮಾಡ್ತಿದ್ದೋನು ಇವರ ಸ್ನೇಹಿತ. ಒಂದು ನಾಟಕದಲ್ಲಿ ಇವ್ರು ಅವನ್ನ ಚಿರತೆಯಿಂದ ಕಾಪಾಡೋರು, ಇನ್ನೊಂದ್ರಲ್ಲಿ ಕೆರೆಯಿಂದ. ಕಂಪನಿ ಮುಚ್ಚಿದಾಗ ಪೆಟ್ಟಿಗೆ ಸಾಮಾನು ಹಂಚ್ಕೊಂಡ್ರು. ಯಾರಿಗೋ ಕಿರೀಟ, ಯಾರಿಗೋ ಗದೆ. ಇದನ್ನ ಆ ದೊರೇನೇ ಎತ್ತಿ ಇವರ ಕೈಗೆ ಕೊಟ್ನಂತೆ. ಕಳೆದುಹೋಗ್ದಿರ್ಲಿ ಅಂತ ಎಲ್ಲ ಸಾಮಾನಿಗೂ ನಂಬರ್ ಹಾಕಿರೋರು."

"ಲೈಸೆನ್ಸು?" ಅಂದೆ.

"ಊರಲ್ಲಿ ದೊರೆ ಕೊಟ್ಟಿದ್ದು ಅಂತ ಹೇಳ್ಕೊಂಡ್ ತಿರುಗಿದ್ರು. ಯಾರೋ ಸಾಹೇಬ್ರು ಬಂದು ಲೈಸೆನ್ಸ್ ಎಲ್ಲಿ ಅಂದ್ರು. ಊರಿನೋರೆಲ್ಲ ನಿಂತವ್ರೆ. ನಾಟಕದ್ದು ಅಂತ ಹೇಳೋಕೆ ನಾಚಿಕೆ. ಅದಕ್ಕೆ ಲೈಸೆನ್ಸೇ ಮಾಡಿಸ್ಬುಟ್ರು."

"ಅವ್ವ, ನಿಂಗೆ ಗೊತ್ತಿದ್ದು ಇಷ್ಟ್ ದಿನ ಯಾಕ್ ಹೇಳ್ಲಿಲ್ಲ?" ಅಂದರು ತಮ್ಮ.

"ನಾನ್ ಹೇಳಿದ್ರೆ ಚಿಕ್ಕೋನ ಪರ ವಹಿಸ್ಕೊಂಡು ಸುಳ್ಳು ಕಟ್ಟವ್ಳೆ ಅಂತಿದ್ದ ಇವ್ನು. ವಿಭೂತಿ ಇಟ್ಕೊಂಡೋರು ಹೇಳಿದ್ರೆ ನಂಬ್ತಾನೆ ಅಂತ ಇಲ್ಲಿಗೆ ತಂದಿದ್ದು."

ಅಣ್ಣ ರಿವಾಲ್ವರನ್ನು ತಮ್ಮನ ಕಡೆ ತಳ್ಳಿದರು. "ನೀನೇ ಇಟ್ಕೊಳ್ಳಪ್ಪ."

"ಬ್ಯಾಡ ಅಣ್ಣ. ದೊಡ್ಡೋರು ನೀವು."

"ಚಿಕ್ಕೋರಿಗೆ ಕೊಟ್ರೆ ಪುಣ್ಯ."

ಅದು ಮೇಜಿನ ಮೇಲೆ ನಾಲ್ಕು ಸಲ ಆಚೆ ಈಚೆ ಹೋಯಿತು. ಆಮೇಲೆ ತಮ್ಮ ತಲೆ ತಗ್ಗಿಸಿ ಅಂದರು, "ಅಣ್ಣ, ಒಂದು ತಪ್ಪಾಗೋಗಿದೆ. ಬೀಗರ ಹತ್ರ ಇದರ ವಿಷಯ ಬಹಳ ಜಂಬ ಕೊಚ್ಕೊಂಡಿದೀನಿ. ನಿಶ್ಚಿತಾರ್ಥದ ದಿನ ನೋಡ್ಬೇಕು ಅಂದವ್ರೆ."

ಅಣ್ಣನ ಮುಖ ಬದಲಾಯಿತು. "ಒಬ್ನೇ ಏನ್ಲಾ ಹೇಳ್ತೀಯ ಅವ್ರಿಗೆ? ನಿಂಗೆ ಮಾತು ಬರಲ್ಲ. ನಾನ್ ಬರ್ತೀನಿ ಬುಡು."

ಲಕ್ಷಾಂತರದ ಆಸೆಗೆ ಬರಲೊಲ್ಲದ ಮನುಷ್ಯ ಮೂರು ಕಾಸಿನ ಅವಮಾನಕ್ಕೆ ಓಡಿ ಬರುತ್ತಾನೆ. ಶಿವನ ಲೆಕ್ಕ ನಮ್ಮ ಲೆಕ್ಕದಂತಲ್ಲ.

ರಿಜಿಸ್ಟರಿನ ಕಾಲಂ

ಕೋವಿಯಲ್ಲದ್ದಕ್ಕೆ ಲೈಸೆನ್ಸ್ ಬೇಡ ಎಂದು ಕಾಗದ ಬರೆದು, ಅವರೂರಿನ ಠಾಣೆಗೆ ನಾವು ಮೂವರೂ ಹೋದೆವು. ದಾಖಲೆ ಬರೆಯುವ ರೈಟರ್ ಇನ್ನೇನು ನಿವೃತ್ತಿಯಾಗುವವರು. ಅರಿಶಿನದ ಗಂಟು ಕಂಡ ಕೂಡಲೇ ಎದ್ದು ನಿಂತರು.

"ಏನು, ಎಲೆಕ್ಷನ್ ಬಂತಾ?" ಅಂದರು.

ಎಲೆಕ್ಷನ್ ಬಂದಾಗಲೆಲ್ಲ ಲೈಸೆನ್ಸಿನ ಕೋವಿಗಳನ್ನು ಠಾಣೆಯಲ್ಲಿಡಬೇಕು. ಅಷ್ಟು ವರ್ಷವೂ ಈ ಗಂಟು ಬಂದು ಹೋಗಿತ್ತು. ಅಲ್ಲಿಯೂ ಯಾರೂ ಬಿಚ್ಚಿರಲಿಲ್ಲ. ಅಲ್ಲಿಯೂ ಎಲ್ಲರೂ ಕೈಮುಗಿದಿದ್ದರು. ಭಕ್ತಿ ನನ್ನೊಬ್ಬನ ಕಾಯಿಲೆ ಅಲ್ಲ ಎಂದು ಸಮಾಧಾನವಾಯಿತು.

ನಾನು ಕಡ್ಡಿ ಹಾಕಿ ತೋರಿಸಿದೆ. ಅವರೂ ಆರಕ್ಕೂ ಹಾಕಿ ನೋಡಿದರು. ಆಮೇಲೆ ಕುರ್ಚಿಯಲ್ಲಿ ಕೂತರು.

"ಸ್ವಾಮಿ, ಇದಕ್ಕೆ ನಾನು ಎಷ್ಟು ಸಲ ಪಹರೆ ಕಾದಿದೀನಿ ಗೊತ್ತಾ?" ಅಂದರು. "ಒಂದ್ಸಲ ನಮ್ಮ ಬಾಮೈದನ ಮದ್ವೆಗೂ ಹೋಗ್ಲಿಲ್ಲ. ನನ್ನ ಹೆಂಡ್ತಿ ಇನ್ನೂ ಹೇಳ್ತಾಳೆ."

ಅವರ ನೋವು ನೋಡಿ ನಮಗೆ ನಗಲೂ ಆಗಲಿಲ್ಲ. ಅವರು ರಿಜಿಸ್ಟರ್ ತೆರೆದು, ಆಯುಧದ ಹೆಸರಿನ ಕಾಲಂ ಮುಂದೆ ಪೆನ್ನು ಹಿಡಿದು ಯೋಚಿಸಿದರು. "ಈಗ ಏನಂತ ಬರೀಲಿ?"

"ಪೂಜಾ ಸಾಮಗ್ರಿ ಅಂತ ಬರೀರಿ, ಸುಳ್ಳಲ್ಲ" ಅಂದೆ.

ಅವರು ಬರೆದರು. ಆದರೆ ಹಳೆಯ ಅಭ್ಯಾಸ, ಮುಂದಿನ ಕಾಲಂ ಖಾಲಿ ಬಿಡಲು ಕೈ ಬರಲಿಲ್ಲ. ಹೊರಡುವಾಗ ಬಗ್ಗಿ ಓದಿದೆ: "ಪೂಜಾ ಸಾಮಗ್ರಿ, ಒಂದು. ಆರು ಗುಂಡಿನದು."

ಹೋಳಿಗೆಯ ಪಂಕ್ತಿ

ನಿಶ್ಚಿತಾರ್ಥ ಕುಣಿಗಲ್‌ನ ಒಂದು ಸಣ್ಣ ಛತ್ರದಲ್ಲಿ. ನನ್ನನ್ನೂ ಕರೆದಿದ್ದರು. ದೊಡ್ಡಪ್ಪ ಹೊಸ ಪಂಚೆ ಉಟ್ಟು ಎಲ್ಲರಿಗಿಂತ ಮೊದಲು ಬಂದಿದ್ದರು. ತಟ್ಟೆ ಬದಲಾಯಿಸುವಾಗ ಅಣ್ಣತಮ್ಮನ ಕೈ ಒಂದೇ ತಟ್ಟೆಯ ಮೇಲಿತ್ತು. ಹುಡುಗಿ ದೊಡ್ಡಪ್ಪನ ಕಾಲಿಗೆ ಬಿದ್ದಾಗ ಅವರು ಟವೆಲ್‌ನಲ್ಲಿ ಮುಖ ಒರೆಸಿಕೊಂಡರು. ಬೆವರು ಅಂದರು. ಫ್ಯಾನು ಅವರ ತಲೆಯ ಮೇಲೇ ತಿರುಗುತ್ತಿತ್ತು.

ಬೀಗರು ರಿವಾಲ್ವರಿನ ಮಾತೆತ್ತಿದರೆ ಅಣ್ಣ ಕೊಬ್ಬರಿ ಧಾರಣೆ ಎತ್ತುವುದು, ಅದಕ್ಕೂ ಬಗ್ಗದಿದ್ದರೆ ತಮ್ಮ ಮಳೆಯ ಮಾತೆತ್ತುವುದು ಎಂದು ಇಬ್ಬರೂ ಮೊದಲೇ ಮಾತಾಡಿಕೊಂಡಿದ್ದರು. ಊಟದ ಹೊತ್ತಿಗೆ ಕೊಬ್ಬರಿ ಮೂರು ಸಲ ಬಂದಿತ್ತು, ಮಳೆ ಎರಡು ಸಲ. ಅಷ್ಟಾದರೂ ಪಂಕ್ತಿಯಲ್ಲಿ ಗಂಡಿನ ತಂದೆ ನನ್ನ ಪಕ್ಕದ ಎಲೆಗೇ ಬಂದು ಕೂತರು. ಹೋಳಿಗೆ ಬಡಿಸುತ್ತಿದ್ದ ತಮ್ಮ ಕೈಯಲ್ಲಿ ಹೋಳಿಗೆ ಹಿಡಿದ ಹಾಗೇ ನಿಂತರು. ಎದುರು ಸಾಲಿನಲ್ಲಿ ಅಣ್ಣ "ಕೊಬ್ಬರಿ..." ಎಂದು ಶುರು ಮಾಡಿ ಅಲ್ಲೇ ಬಿಟ್ಟರು.

"ಹಳೇ ಕೋವಿಗೆ ಬೆಲೆ ಕಟ್ಟೋರು ನೀವೇ ಅಂತೆ" ಅಂದರು ಬೀಗರು.

"ಶಿವನ ದಯೆ" ಅಂದೆ. ಕೇಳಿದ್ದಕ್ಕೆ ಸುಳ್ಳು ಹೇಳಲಾರೆ. ಕೇಳದಿರಲಿ ಎಂದು ಬೇಡಿಕೊಳ್ಳುತ್ತಿದ್ದೆ.

ಅವರು ನನ್ನ ಕಿವಿಯ ಹತ್ತಿರಕ್ಕೆ ಬಾಗಿದರು. "ಬೀಗರ ಮನೇಲಿ ರಿವಾಲ್ವರ್ ಐತೆ ಅಂತ ಕೇಳ್ದಾಗ್ಲೇ ನಾನು ಈ ಸಂಬಂಧಕ್ಕೆ ಒಪ್ಪಿದ್ದು. ಸಮಾ ಸಮಾ ಇರ್ಲಿ ಅಂತ. ಯಾಕಂದ್ರೆ ನಮ್ಮನೇಲೂ ಒಂದೈತೆ."

"ಹೌದಾ?"

"ನಮ್ ತಾತಂಗೆ ದೊರೆ ಕೊಟ್ಟಿದ್ದು. ದೊರೇನ ಕಳ್ಳರ ಕೈಯಿಂದ ಬಿಡ್ಸಿದ್ರಂತೆ. ಎಷ್ಟು ಹಳೇದು ಅಂತ ನೀವೊಂದ್ಸಲ ನೋಡ್ಬೇಕು. ಎಲೆಕ್ಷನ್ ಬಂದಾಗ ಬಿಟ್ರೆ ಹೊರಗೆ ತೆಗ್ಯಲ್ಲ. ಪೂಜೆ ಮಾತ್ರ ತಪ್ಸಲ್ಲ."

ನನ್ನ ಕೈಯ ತುತ್ತು ಎಲೆಗೆ ಇಳಿಯಿತು. "ನಂಬರು ಏನಾದ್ರೂ ಗೊತ್ತಾ?" ಅಂದೆ.

"ಕುಂಕುಮ ಹತ್ಕೊಂಡು ಕಾಣಲ್ಲ ಸ್ವಾಮಿ. ಲೈಸೆನ್ಸಲ್ಲಿ ಇಪ್ಪತ್ತೆಂಟು ಅಂತ ಬರ್ದದೆ."

ಸಾಲಿಗೆ ತುಪ್ಪ ಬಡಿಸಿಕೊಂಡು ಬರುತ್ತಿದ್ದ ಅವ್ವ ಅಷ್ಟು ಹೊತ್ತಿಗೆ ನಮ್ಮೆದುರಿಗೆ ಬಂದಿದ್ದರು. ಎಲ್ಲವೂ ಕೇಳಿಸಿತ್ತು. ಬೀಗರ ಹೋಳಿಗೆಯ ಮೇಲೆ ಒಂದು ಚಮಚ ತುಪ್ಪ ಹಾಕಿದರು. ಅವರ ಮುಖವನ್ನೇ ನೋಡಿ, ಇನ್ನೊಂದು ಚಮಚ ಹಾಕಿದರು.

ಆಮೇಲೆ ನನ್ನ ಎಲೆಗೆ ಬಾಗಿ, ನನಗೊಬ್ಬನಿಗೇ ಕೇಳುವಂತೆ ಅಂದರು:

"ಅಂತೂ ಪೆಟ್ಟಿಗೆ ಸಾಮಾನೆಲ್ಲ ಮತ್ತೆ ಒಂದೇ ಮನೆ ಸೇರ್ತು ಕಣಪ್ಪ."